ನಿಮ್ಮ ಕೇಪಳಕ್ಕೆ ಬೇಕಿರುವುದು ಹುಳಿ ಮಣ್ಣು

ಪುತ್ತೂರಿನಿಂದ ತಂದ ಕೇಪಳದ (ಇಕ್ಸೋರಾ) ಗಿಡ ಬೆಂಗಳೂರಿನ ಕುಂಡದಲ್ಲಿ ಹೂ ಬಿಡುತ್ತಿಲ್ಲ, ಎಲೆ ಹಳದಿಯಾಗಿದೆ ಅಂದಿದ್ದೀರಿ. ಎಳೆ ಎಲೆ ಹಳದಿಯಾಗಿ ನರ ಮಾತ್ರ ಹಸಿರಾಗಿದೆಯಾ ನೋಡಿ. ಹಾಗಿದ್ದರೆ ಅದು ರೋಗವಲ್ಲ, ಕಬ್ಬಿಣದ ಕೊರತೆ.

ಕರಾವಳಿಯ ಗುಡ್ಡದ ಮುರಕಲ್ಲು (ಜಂಬಿಟ್ಟಿಗೆ) ಮಣ್ಣು ಹುಳಿ, ಅಂದರೆ ಆಮ್ಲೀಯ. ಕೇಪಳಕ್ಕೆ ಅದೇ ರೂಢಿ. ಬೆಂಗಳೂರಿನ ಬೋರ್‌ವೆಲ್ ನೀರು ಸಾಮಾನ್ಯವಾಗಿ ಗಡಸು. ದಿನಾ ಅದನ್ನೇ ಹಾಕಿದರೆ ಮಣ್ಣು ಕ್ಷಾರವಾಗುತ್ತದೆ. ಆಗ ಮಣ್ಣಲ್ಲಿ ಕಬ್ಬಿಣ ಇದ್ದರೂ ಬೇರಿಗೆ ಸಿಗುವುದಿಲ್ಲ. ಇನ್ನಷ್ಟು ಗೊಬ್ಬರ ಸುರಿದು ಪ್ರಯೋಜನವಿಲ್ಲ.

ಮಳೆನೀರು ಹಿಡಿದಿಟ್ಟು ಹಾಕಿ. ಮೇಲ್ಮಣ್ಣು ಕೆದಕಿ ತರಗೆಲೆ ಗೊಬ್ಬರ ಬೆರೆಸಿ. ತಕ್ಷಣಕ್ಕೆ ಅನ್ನಭೇದಿ (ಫೆರಸ್ ಸಲ್ಫೇಟ್ ಎಂಬ ಕಬ್ಬಿಣದ ಲವಣ) ಸಾಕು: ಲೀಟರ್ ನೀರಿಗೆ 2-3 ಗ್ರಾಂ ಕರಗಿಸಿ ಸಂಜೆ ಹೊತ್ತು ಎಲೆಗೆ ಸಿಂಪಡಿಸಿ. ನೆಲದ ಟೈಲ್ಸ್ ಮೇಲೆ ಬೀಳದಂತೆ ನೋಡಿಕೊಳ್ಳಿ, ತುಕ್ಕಿನ ಕಲೆ ಹೋಗುವುದಿಲ್ಲ. ಹಳೇ ಎಲೆ ಪೂರ್ತಿ ಸರಿಹೋಗದೇ ಇರಬಹುದು, ಹೊಸ ಚಿಗುರು ನೋಡಿ.

ಬಿಸಿಲಂತೂ ಬೇಕೇ ಬೇಕು. ನೆರಳಲ್ಲಿ ಬರೀ ಎಲೆ ಬರುತ್ತದೆ. ಗೊಂಚಲು ಹೊಸ ಚಿಗುರಿನ ತುದಿಯಲ್ಲಿ ಬರುವುದರಿಂದ ಹೂ ಮುಗಿದ ಮೇಲೆ ಸ್ವಲ್ಪ ಸವರಿ. ಸುಮ್ನೆ ಪ್ರತಿ ವಾರ ಕತ್ತರಿ ಹಾಕಿದರೆ ಮೊಗ್ಗೇ ಹೋಗುತ್ತದೆ.

ನರ್ಸರಿಯವರು ಕೊಡುವ ಗಿಡ್ಡ ಹೈಬ್ರಿಡ್‌ಗಿಂತ ಈ ಕಾಡು ಕೇಪಳವೇ ನನಗೆ ಇಷ್ಟ. ಉದ್ದ ಕೊಳವೆಯ ಹೂವಿನ ಜೇನಿಗೆ ಚಿಟ್ಟೆಗಳು ಬರುತ್ತವೆ. ಹಣ್ಣು ಕಪ್ಪಾಗುವವರೆಗೆ ಕಾದರೆ ನೀವೂ ತಿನ್ನಬಹುದು, ಹಕ್ಕಿಗಳು ಬಿಟ್ಟರೆ!