ಮೀನು ಸಂಸ್ಕರಿಸಿದ ಮೇಲೆ ಉಳಿಯುವ ತಲೆ, ಮುಳ್ಳು, ಕರುಳಿನಿಂದ ಏನಾದರೂ ಮಾಡಬಹುದೇ?

ಖಂಡಿತ ಮಾಡಬಹುದು. ಆದರೆ ಎಲ್ಲವನ್ನೂ ಒಂದೇ ಬಕೆಟ್‌ಗೆ ಸುರಿಯಬೇಡಿ, ತಿನ್ನುವಂಥದ್ದನ್ನು ಮೊದಲೇ ಬೇರೆ ಇಡಿ. ತುಂಡು ತೆಗೆದ ಮೇಲೂ ನಡುಮುಳ್ಳಿಗೆ ಮಾಂಸ ಅಂಟಿಕೊಂಡೇ ಇರುತ್ತದೆ. ಮುಳ್ಳು ಬೇರ್ಪಡಿಸುವ ಯಂತ್ರದಲ್ಲಿ ಬೆಲ್ಟ್ ಅದನ್ನು ತೂತಿನ ಡ್ರಮ್ಮಿಗೆ ಒತ್ತುತ್ತದೆ. ಮಾಂಸ ಒಳಗೆ ನುಸುಳುತ್ತದೆ, ಮುಳ್ಳು ಹೊರಗುಳಿಯುತ್ತದೆ. ಆ ಖೀಮಾದಿಂದ ಕಟ್ಲೆಟ್, ಫಿಶ್ ಬಾಲ್ ಮಾಡುತ್ತಾರೆ. ಬಹಳ ಬೇಗ ಕೆಡುತ್ತದೆ, ಐಸ್ ಬಿಟ್ಟು ಹೊರಗಿಡಬಾರದು.

ಕರುಳು, ಕಿವಿರುಗಳಿಗೆ ಸೈಲೇಜೇ (ಆಮ್ಲ ಬೆರೆಸಿ ಕೆಡದಂತೆ ಕರಗಿಸಿದ ಮೀನಿನ ಮೇವು) ಸರಿ ಎನ್ನುತ್ತೇನೆ, ಸಣ್ಣ ಘಟಕಕ್ಕಂತೂ ಇದಕ್ಕಿಂತ ಸುಲಭದ ದಾರಿ ಇಲ್ಲ. ಚೆನ್ನಾಗಿ ಅರೆದು, 100 ಕೆಜಿಗೆ ಸುಮಾರು 3 ಕೆಜಿ ಫಾರ್ಮಿಕ್ ಆಮ್ಲ ಬೆರೆಸಿ ಪ್ಲಾಸ್ಟಿಕ್ ಡ್ರಮ್ಮಿನಲ್ಲಿಡಿ. ಪಿಎಚ್ 4ಕ್ಕಿಂತ ಕೆಳಗಿಳಿದರೆ ಕೊಳೆಯುವುದು ನಿಲ್ಲುತ್ತದೆ. ಆಮೇಲೆ ಮೀನಿನ ಕರುಳಲ್ಲಿರುವ ಕಿಣ್ವಗಳೇ ಕೆಲವು ದಿನಗಳಲ್ಲಿ ಅದನ್ನು ಗಂಜಿಯಂತೆ ಕರಗಿಸುತ್ತವೆ. ದಿನಾ ಕಲಕುತ್ತಿರಿ. ಆಮ್ಲ ಚರ್ಮ ಸುಡುತ್ತದೆ, ಕೈಗವಸು, ಕನ್ನಡಕ ಇಲ್ಲದೆ ದಯವಿಟ್ಟು ಮುಟ್ಟಬೇಡಿ. ತವುಡು ಬೆರೆಸಿ ಒಣಗಿಸಿದರೆ ಸಾಕಿದ ಮೀನು, ಕೋಳಿಗಳಿಗೆ ಆಹಾರ.

ಸಿಗಡಿ ಸಿಪ್ಪೆಯನ್ನು ಮಾತ್ರ ಇದಕ್ಕೆ ಸೇರಿಸಬೇಡಿ. ಅದರಿಂದ ಕೈಟೋಸಾನ್ ಆಗುತ್ತದೆ, ಅಂದರೆ ಔಷಧ, ನೀರು ಶುದ್ಧೀಕರಣದಂಥ ಕೆಲಸಕ್ಕೆ ಬಳಸುವ ನಾರಿನಂಥ ವಸ್ತು. ಆ ತಂತ್ರಜ್ಞಾನ ಕೊಚ್ಚಿಯ ಕೇಂದ್ರೀಯ ಮೀನುಗಾರಿಕಾ ತಂತ್ರಜ್ಞಾನ ಸಂಸ್ಥೆಯಲ್ಲಿದೆ.