ಸ್ವಿಫ್ಟ್‌ನ 14 ಇಂಚಿನ ಚಕ್ರ ತೆಗೆದು 16 ಇಂಚು ಹಾಕಿಸಿದರೆ ಪಿಕಪ್, ಗ್ರಿಪ್ ಜಾಸ್ತಿ ಆಗುತ್ತಾ?

ಪಿಕಪ್ ಕಡಿಮೆ ಆಗುತ್ತದೆ. ಇದನ್ನು ತಿಳಿಯೋಕೆ ನಾನು ನಲವತ್ತು ಸಾವಿರ ಕಳೆದುಕೊಂಡೆ.

ನನ್ನದೂ ಸ್ವಿಫ್ಟ್, 165/80 ಆರ್14 ಟೈರು. ಮನೆ ಮಂಡ್ಯ, ಕೆಲಸ ಮೈಸೂರು. ಅಲ್ಲಿನ ಒಂದು ಅಂಗಡಿಯಲ್ಲಿ 16 ಇಂಚಿನ ಅಲಾಯ್ ನೋಡಿ ಮನಸೋತೆ. ಅವರ ಹತ್ತಿರ ಇದ್ದದ್ದು 205/60 ಆರ್16 ಟೈರು. 'ಕೂರುತ್ತೆ ಸಾರ್, ಹಾಕಿಸಿ' ಅಂದರು. ಹಾಕಿಸಿದೆ.

ನನ್ನ ತಪ್ಪು ಆ ಮಧ್ಯದ ನಂಬರಿನದ್ದು. 80 ಇದ್ದದ್ದು 60 ಆಯಿತು, ರಿಮ್ (ಟೈರು ಕೂರುವ ಲೋಹದ ಭಾಗ) ಬೆಳೆದಷ್ಟು ರಬ್ಬರ್ ಇಳಿಯಿತು, ಅಲ್ಲಿಗಲ್ಲಿಗೆ ಸರಿಹೋಯಿತು ಅಂದುಕೊಂಡೆ. ಆದರೆ ಅದು ರಬ್ಬರಿನ ಎತ್ತರ ಟೈರಿನ ಅಗಲದ (ಮೊದಲ ನಂಬರ್, ಮಿ.ಮೀ.ನಲ್ಲಿ) ಶೇಕಡಾ ಎಷ್ಟು ಅನ್ನುವ ಲೆಕ್ಕ. 165ರಲ್ಲಿ ಶೇ. 80 ಅಂದರೆ 132 ಮಿ.ಮೀ. 205ರಲ್ಲಿ ಶೇ. 60 ಅಂದರೆ 123. ಇಳಿದದ್ದು ಬರೀ 9! ಮೇಲೆ ಕೆಳಗೆ ಸೇರಿಸಿದರೂ 18. ರಿಮ್ ಬೆಳೆದದ್ದು 2 ಇಂಚು, ಅಂದರೆ 51 ಮಿ.ಮೀ. ಒಟ್ಟು ಚಕ್ರದ ಎತ್ತರ 620ರಿಂದ 652ಕ್ಕೆ ಹೋಯಿತು, ಶೇ. 5ರಷ್ಟು ದೊಡ್ಡದಾಯಿತು. ಮೊಬೈಲಿನಲ್ಲಿ ಅರ್ಧ ನಿಮಿಷದ ಲೆಕ್ಕ, ಅದನ್ನೇ ಮಾಡಲಿಲ್ಲ.

ಗೊತ್ತಾಗಿದ್ದು ಚಾಮುಂಡಿ ಬೆಟ್ಟದಲ್ಲಿ. ಅಮ್ಮ, ಅಕ್ಕ, ಭಾವ, ಮಗು, ಎಲ್ಲರೂ ಇದ್ದೆವು. ಸೆಕೆಂಡ್ ಗೇರಲ್ಲಿ ಸಲೀಸಾಗಿ ಹತ್ತುತ್ತಿದ್ದ ಕಾರು ಏದುಸಿರು ಬಿಡೋಕೆ ಶುರು ಮಾಡಿತು. ಚಕ್ರ ದೊಡ್ಡದಾದರೆ ಪ್ರತಿ ಗೇರೂ ಭಾರವಾಗುತ್ತದೆ. ಇಂಜಿನ್ ಅದೇ, ನೆಲಕ್ಕೆ ಸಿಗುವ ತಳ್ಳುವ ಬಲ ಮಾತ್ರ ಕಡಿಮೆ. ಮೇಲಾಗಿ ಆ ಚಕ್ರಗಳೂ ತೂಕ ಜಾಸ್ತಿ. ತಿರುವಿನಲ್ಲಿ ಸ್ಟೇರಿಂಗ್ ಪೂರ್ತಿ ಎಳೆದಾಗ ಎಡಗಡೆ ಕರಕರ ಅಂತ ಸದ್ದು. ಇಳಿದು ಬಗ್ಗಿ ನೋಡಿದರೆ ಒಳಗಿನ ಪ್ಲಾಸ್ಟಿಕ್ ಉಜ್ಜಿ ಉಜ್ಜಿ ಹೊಳೆಯುತ್ತಿತ್ತು. ಬೆರಳಿಟ್ಟರೆ ಕಪ್ಪು ಪುಡಿ ಮೆತ್ತಿಕೊಂಡಿತು. ಅಮ್ಮ ಏನೂ ಕೇಳಲಿಲ್ಲ, ಮಗುವನ್ನು ಎತ್ತಿಕೊಂಡು ರಸ್ತೆ ಪಕ್ಕ ನಿಂತರು. ನನಗೆ ತುಂಬಾ ಬೇಜಾರಾಯಿತು.

ಮೈಲೇಜೂ ಬಿದ್ದಿತ್ತು. ಅದರಲ್ಲಿ ಸ್ವಲ್ಪ ಮೀಟರಿನ ಸುಳ್ಳು ಲೆಕ್ಕ ಅಂತ ಆಮೇಲೆ ತಿಳಿಯಿತು. ಚಕ್ರ ದೊಡ್ಡದಾದ್ದರಿಂದ ನಿಜವಾಗಿ 100 ಕಿ.ಮೀ. ಓಡಿದರೆ ಮೀಟರ್ 95 ತೋರಿಸುತ್ತಿತ್ತು. ಸ್ಪೀಡೂ ಹಾಗೇ, ಮೊದಲಿಗಿಂತ ಕಡಿಮೆ ತೋರಿಸುತ್ತದೆ. ಕ್ಯಾಮೆರಾ ಇರುವ ಬೆಂಗಳೂರು ಹೈವೇಯಲ್ಲಿ ಇದು ಹುಡುಗಾಟ ಅಲ್ಲ.

'ಹಾಗಾದರೆ 195/55 ಆರ್16 ಹಾಕಿಸಲಾ?' ಅಂತ ಕೇಳಬಹುದು. ಎತ್ತರ 621, ಲೆಕ್ಕ ಸರಿ. ಆದರೂ ಬೇಡ ಅಂತೀನಿ. ಗುಂಡಿಯ ಹೊಡೆತ ತಡೆಯುವ ರಬ್ಬರ್ 132ರಿಂದ 107 ಮಿ.ಮೀ.ಗೆ ಇಳಿಯುತ್ತದೆ. ಹೈವೇ ಬಿಟ್ಟು ಪಾಂಡವಪುರದ ಕಡೆ ಹಳ್ಳಿ ರಸ್ತೆಗೆ ಇಳಿದರೆ ಮೊದಲ ದೊಡ್ಡ ಗುಂಡಿಗೇ ರಿಮ್ ಸೊಟ್ಟಗಾಗಬಹುದು.

ಗ್ರಿಪ್ಪೇ ಬೇಕಾದರೆ ಕಂಪನಿಯವರೇ ಮೇಲಿನ ಮಾಡೆಲ್‌ಗೆ ಕೊಟ್ಟಿದ್ದ 185/65 ಆರ್15 ಹಾಕಿಸಿ. ಎತ್ತರದಲ್ಲಿ 2 ಮಿ.ಮೀ. ವ್ಯತ್ಯಾಸ ಅಷ್ಟೇ. ನಾನು ಈಗ ಅದರಲ್ಲೇ ಓಡಾಡುತ್ತಿದ್ದೇನೆ, ಬೆಟ್ಟ ಮತ್ತೆ ಸೆಕೆಂಡ್ ಗೇರಲ್ಲೇ ಹತ್ತುತ್ತದೆ. ಪಿಕಪ್ಪಿಗಾಗಿ ಮಾತ್ರ ಚಕ್ರದ ಮೇಲೆ ಒಂದು ರೂಪಾಯಿಯೂ ಹಾಕಬೇಡಿ.

ಅಂಗಡಿಗೆ ಅಡ್ವಾನ್ಸ್ ಕೊಡುವ ಮೊದಲು ಅವರು ಹೇಳಿದ ಟೈರಿನ ಮೂರೂ ನಂಬರ್ ಇಲ್ಲಿ ಬರೆಯಿರಿ. ಲೆಕ್ಕ ನಾನು ಮಾಡಿ ಹೇಳುತ್ತೇನೆ.