ಟೆನಿಸ್ ಆಟಗಾರ ರಫೆಲ್ ನಡಾಲ್ ಫ್ರೆಂಚ್ ಓಪನ್ 14 ಸಲ ಗೆದ್ದರೂ ವಿಂಬಲ್ಡನ್ ಎರಡೇ ಸಲ ಗೆದ್ದಿದ್ದೇಕೆ?

ನೆಲ ಬದಲಾದರೆ ಚೆಂಡು ಪುಟಿಯುವ ರೀತಿಯೇ ಬದಲಾಗುತ್ತದೆ, ಅದಕ್ಕೆ. ಸುಮ್ನೆ ಅದೃಷ್ಟ ಅಂದುಕೊಳ್ಳಬೇಡಿ.

ಕಾರವಾರದ ಕಡಲತೀರದಲ್ಲಿ ಟೆನಿಸ್ ಚೆಂಡಿನಿಂದ ಕ್ರಿಕೆಟ್ ಆಡಿದ್ದೀರಲ್ವಾ? ಅಲೆ ಬಂದು ಹೋದ ಗಟ್ಟಿ ಹೊಯ್ಗೆಯಲ್ಲಿ ಚೆಂಡು ಸರ್ರನೆ ಜಾರಿ ಬರುತ್ತದೆ, ಹತ್ತು ಹೆಜ್ಜೆ ಮೇಲೆ ಹೋದರೆ ಒಣ ಹೊಯ್ಗೆಯಲ್ಲಿ ಅದೇ ಚೆಂಡು ಧೊಪ್ಪಂತ ಕೂತುಬಿಡುತ್ತದೆ. ಬ್ಯಾಟ್ ಅದೇ, ಕೈ ಅದೇ, ಆಟ ಮಾತ್ರ ಬೇರೆ.

ಫ್ರೆಂಚ್ ಓಪನ್ ಕೋರ್ಟಿನ ಮೇಲೆ ಇಟ್ಟಿಗೆ ಪುಡಿಯ ತೆಳು ಪದರ ಇರುತ್ತದೆ, ಇದನ್ನೇ ಮಣ್ಣಿನ ಕೋರ್ಟ್ ಅನ್ನುವುದು. ಆ ಒರಟು ಪುಡಿ ಚೆಂಡನ್ನು ಒಂದು ಗಳಿಗೆ ಹಿಡಿದಂತೆ ಮಾಡುತ್ತದೆ, ಹಾಗಾಗಿ ಮುಂದಕ್ಕೆ ಹೋಗುವ ವೇಗ ತಗ್ಗಿ ಚೆಂಡು ಎತ್ತರಕ್ಕೆ ಏಳುತ್ತದೆ. ನಡಾಲ್ ಹೊಡೆತದಲ್ಲಿ ಟಾಪ್‌ಸ್ಪಿನ್, ಅಂದರೆ ಚೆಂಡು ಮುಂದಕ್ಕೆ ಉರುಳುವಂತೆ ತಿರುಗಿಸುವುದು, ತುಂಬಾ ಜಾಸ್ತಿ. ಮಣ್ಣಿನಲ್ಲಿ ಆ ಚೆಂಡು ಎದುರಾಳಿಯ ಹೆಗಲ ಮಟ್ಟಕ್ಕೆ ಜಿಗಿಯುತ್ತಿತ್ತು. ಅಲ್ಲಿಂದ ಜೋರಾಗಿ ಹೊಡೆಯುವುದು ನಿಜಕ್ಕೂ ಕಷ್ಟ.

ವಿಂಬಲ್ಡನ್‌ನಲ್ಲಿ ಹುಲ್ಲನ್ನು 8 ಮಿಲಿಮೀಟರ್‌ಗೆ ಕತ್ತರಿಸಿರುತ್ತಾರೆ. ಅಲ್ಲಿ ಹಿಡಿತ ಕಡಿಮೆ, ಚೆಂಡು ಮೊಣಕಾಲಿನ ಹತ್ತಿರವೇ ಜಾರಿ ಹೋಗುತ್ತದೆ. ಟಾಪ್‌ಸ್ಪಿನ್‌ಗೆ ಲಾಭ ಕಡಿಮೆ, ಜೋರು ಸರ್ವ್ ಮಾಡುವವರಿಗೆ ಹಬ್ಬ. ಪೀಟ್ ಸಾಂಪ್ರಾಸ್ ಅವರನ್ನೇ ನೋಡಿ: ವಿಂಬಲ್ಡನ್ 7 ಸಲ ಗೆದ್ದರು, ಫ್ರೆಂಚ್ ಓಪನ್ ಫೈನಲ್‌ಗೆ ಒಮ್ಮೆಯೂ ಬರಲಿಲ್ಲ!

ಹಾರ್ಡ್ ಕೋರ್ಟ್, ಅಂದರೆ ಸಿಮೆಂಟ್ ಅಥವಾ ಡಾಂಬರಿನಂಥ ಗಟ್ಟಿ ನೆಲದ ಕೋರ್ಟ್, ಸಾಮಾನ್ಯವಾಗಿ ಇವೆರಡರ ನಡುವೆ. ಇನ್ನು ಕಾಲಿನ ವಿಷಯ. ಮಣ್ಣಿನಲ್ಲಿ ಜಾರುತ್ತಾ ಬಂದು ಹೊಡೆಯಬಹುದು, ಹುಲ್ಲಿನಲ್ಲಿ ಹಾಗೆ ಜಾರಲು ಹೋದರೆ ಬೀಳುವ ಭಯ, ಅದಕ್ಕೇ ಅಲ್ಲಿ ಪುಟ್ಟ ಪುಟ್ಟ ಹೆಜ್ಜೆ ಇಡುತ್ತಾರೆ.